ಸ್ಕಾಪಾರಾ ಬ್ಯಾಂಡಿನ ಬ್ಯಾರಿಟೋನ್ ಸ್ಯಾಕ್ಸ್: ಕೇಳಿಸುತ್ತಾ, ಬರೀ ಕಾಣಿಸುತ್ತಾ?

ರಾತ್ರಿಪಾಳಿ

ಸ್ಕಾಪಾರಾ ಕೇಳುವವರು ಇಲ್ಲಿ ಯಾರಾದರೂ ಇದ್ದೀರಾ? ಜಪಾನಿನ ಬ್ಯಾಂಡ್, ಪೂರ್ತಿ ಹೆಸರು ಟೋಕಿಯೋ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ. ಸ್ಕಾ ಅಂದರೆ ಜಮೈಕಾದಿಂದ ಬಂದ ಕುಣಿತದ ಸಂಗೀತ. ಒಂಬತ್ತು ಜನ, ಎಲ್ಲರಿಗೂ ಒಂದೇ ಥರದ ಸೂಟು. ಮುಂದಿನ ಸಾಲಿನಲ್ಲಿ ನಾಲ್ಕು ಜನ ಊದುವವರು, ಅದೇ ಹಾರ್ನ್ ಸಾಲು. ಟ್ರಂಪೆಟ್ ನಾರ್ಗೊ, ಟ್ರೊಂಬೋನ್ ಕಿತಾಹಾರಾ, ಟೆನರ್ ಸ್ಯಾಕ್ಸ್ ಗಾಮೊ, ಅದಕ್ಕಿಂತ ದೊಡ್ಡದಾದ, ತಗ್ಗು ದನಿಯ ಬ್ಯಾರಿಟೋನ್ ಸ್ಯಾಕ್ಸ್ ಅತ್ಸುಶಿ ಯಾನಾಕಾ. ಮೊದಲ ಮೂರೂ ನನಗೆ ಚೆನ್ನಾಗಿ ಕೇಳಿಸುತ್ತವೆ. ನಾಲ್ಕನೆಯದು ಕಣ್ಣಿಗೆ ಬೀಳುತ್ತದೆ ಅಷ್ಟೇ. ಆ ದೊಡ್ಡ ವಾದ್ಯ ಹೊತ್ತುಕೊಂಡು ಯಾನಾಕಾ ಕುಣಿಯುತ್ತಾರೆ, ಮೈಕ್ ಹಿಡಿದು ಜನರನ್ನು ಹುರಿದುಂಬಿಸುತ್ತಾರೆ, ಎಲ್ಲ ಸರಿ. ಆದರೆ ಕೆಳಗಿನ ಸ್ವರಕ್ಕೆ ಬಾಸ್ ಗಿಟಾರ್ ಇದೆಯಲ್ಲ? ಅದರ ಮೇಲೆ ಇನ್ನೊಂದು ದಪ್ಪ ದನಿ ಯಾಕೆ ಬೇಕು? ಸುಮ್ನೆ ನೋಡೋಕೆ ಚೆನ್ನಾಗಿರಲಿ ಅಂತಲಾ?

ಮಿಕ್ಸರ್ ಮುಂದೆ

ಯಾವುದರಲ್ಲಿ ಕೇಳುತ್ತಿದ್ದೀರಿ, ಅದನ್ನು ಮೊದಲು ಹೇಳಿ.

ರಾತ್ರಿಪಾಳಿ

ಮೊಬೈಲ್ ಸ್ಪೀಕರ್‌ನಲ್ಲಿ ಸಾರ್. ಅಡುಗೆ ಮಾಡ್ತಾ ಮಾಡ್ತಾ.

ಮಿಕ್ಸರ್ ಮುಂದೆ

ಅಲ್ಲೇ ಅರ್ಧ ಉತ್ತರ ಇದೆ. ಈಗಿನ ಬ್ಯಾರಿಟೋನ್‌ನ ತೀರಾ ಕೆಳಗಿನ ಸ್ವರ ಸುಮಾರು 65 ಹರ್ಟ್ಸ್. ಮೊಬೈಲ್‌ನ ಪುಟಾಣಿ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನಿಮಗೆ ಬರುವುದು ಆ ಸ್ವರದ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಅದರ ಜೊತೆಗೇ ಹುಟ್ಟುವ ಮೇಲಿನ ದನಿಗಳು ಮಾತ್ರ. ಅವು ಟೆನರ್ ಮತ್ತು ಟ್ರೊಂಬೋನ್ ಇರುವ ಜಾಗಕ್ಕೇ ಬಂದು ಸೇರಿಕೊಳ್ಳುತ್ತವೆ. ಹಾಗಾಗಿ 'ಗಾಮೊ ಇವತ್ತು ದಪ್ಪಗೆ ಊದುತ್ತಿದ್ದಾರೆ' ಅನಿಸುತ್ತದೆ. ಆ ದಪ್ಪದಲ್ಲಿ ಒಂದು ಪಾಲು ಯಾನಾಕಾ ಅವರದು.

ಇನ್ನು ಬಾಸ್ ಗಿಟಾರ್ ಇರುವಾಗ ಇದು ಯಾಕೆ ಅನ್ನುವುದು. ಸ್ಕಾದಲ್ಲಿ ಬಾಸ್ ನಿಲ್ಲದೆ ನಡೆಯುತ್ತಿರುತ್ತದೆ. ಬೆರಳಿನಿಂದ ಮೀಟಿದ ದುಂಡನೆಯ ಸ್ವರ, ಒಂದರ ಹಿಂದೆ ಒಂದು. ಅದಕ್ಕೆ ಗಡಸು ಅಂಚು ಕಡಿಮೆ. ಬ್ಯಾರಿಟೋನ್ ಬೇರೆ ಜಾತಿ. ಬಾಯಿಗಿಡುವ ಕಡೆ ಇರುವ ತೆಳು ಪಟ್ಟಿ, ಅಂದರೆ ಅಗಲವಾದ ರೀಡ್, ಅದುರುತ್ತದೆ, ಸ್ವರ ಶುರುವಾಗುವ ಜಾಗದಲ್ಲೇ ಒಂದು ಗರಗರ ಇರುತ್ತದೆ. ಎರಡೂ ಒಂದೇ ಸಾಲು ನುಡಿಸಿದಾಗ ಬಾಸ್‌ನ ಸ್ವರಕ್ಕೆ ಒಂದು ಏಟಿನ ಬಲ ಬರುತ್ತದೆ. ಎರಡು ವಾದ್ಯ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಬಾಸ್ ಇದ್ದಕ್ಕಿದ್ದಂತೆ ಎದ್ದು ನಿಂತಿತು ಅನಿಸುತ್ತದೆ.

ಯಾವಾಗಲೂ ಅದನ್ನೇ ಮಾಡುವುದಿಲ್ಲ. ಕೆಲವು ಕಡೆ ಬಾಸ್ ಅನ್ನು ಬಿಟ್ಟು ಮೇಲಿನ ಮೂವರ ಜೊತೆ ಹೋಗುತ್ತದೆ. ಟ್ರಂಪೆಟ್ ರಾಗ ಎತ್ತಿಕೊಂಡಾಗ ಅದೇ ರಾಗವನ್ನು ಕೆಳಗಿನ ಸ್ಥಾಯಿಯಲ್ಲಿ ಹಿಡಿಯುತ್ತದೆ. ಆಗ ಬರೀ ಚೂಪಾಗಿದ್ದ ರಾಗಕ್ಕೆ ಮೈ ಬರುತ್ತದೆ. ಹಾರ್ನ್‌ಗಳು 'ಪ್ಯಾ! ಪ್ಯಾ!' ಅಂತ ತುಂಡು ತುಂಡಾಗಿ ಹೊಡೆಯುವ ಜಾಗದಲ್ಲಂತೂ ಬ್ಯಾರಿಟೋನ್ ತೆಗೆದರೆ ನಾಲ್ವರಲ್ಲಿ ಒಬ್ಬರು ಹೋದ ಹಾಗಲ್ಲ, ಅರ್ಧ ಹಾರ್ನ್ ಸಾಲೇ ಹೋದ ಹಾಗೆ. ಒಂದು ಒಳ್ಳೆ ಹೆಡ್‌ಫೋನ್ ಹಾಕಿ, 'ಪ್ಯಾರಡೈಸ್ ಹ್ಯಾಸ್ ನೋ ಬಾರ್ಡರ್' ಲೈವ್ ವಿಡಿಯೋ ನೋಡಿ. ಟ್ರಂಪೆಟ್ ಕಡೆ ಗಮನ ಕೊಡಬೇಡಿ. ಕಷ್ಟ, ಆದರೂ ಪ್ರಯತ್ನ ಮಾಡಿ.

ಹಳೇ ಕ್ಯಾಸೆಟ್

ಇವರನ್ನು ಸ್ಕಾ ಬ್ಯಾಂಡ್ ಅನ್ನುವುದೇ ನನಗೆ ಒಪ್ಪಿಗೆ ಇಲ್ಲ. ಸ್ಕಾ ಅಂದರೆ ಜಮೈಕಾ, ಕಿಂಗ್‌ಸ್ಟನ್, 1960ರ ದಶಕದ ಶುರು. ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್ ಕೇಳಿ ಬೆಳೆದ ಹುಡುಗರು ಅದರ ಎಡೆತಾಳವನ್ನು ಎತ್ತಿ ಮುಂದೆ ತಂದರು. ಗಿಟಾರ್, ಪಿಯಾನೋ ಎರಡೂ ತಾಳದ ನಡುವೆ ಚಕ್ ಚಕ್ ಅನ್ನುತ್ತವೆ. 1962ರಲ್ಲಿ ದೇಶ ಸ್ವತಂತ್ರ ಆಯಿತು, ಊರೆಲ್ಲ ಇದಕ್ಕೇ ಕುಣಿಯಿತು. ಅಲ್ಲಿನ ಸ್ಕ್ಯಾಟಲೈಟ್ಸ್ ತಂಡ ಕಟ್ಟಿಕೊಂಡದ್ದು 1964ರಲ್ಲಿ, ಒಡೆದದ್ದು 1965ರಲ್ಲಿ. ಅಷ್ಟು ಚಿಕ್ಕ ಅವಧಿಯಲ್ಲಿ ಅವರು ಮಾಡಿದ್ದನ್ನು ಇವತ್ತಿಗೂ ಯಾರೂ ದಾಟಿಲ್ಲ. ಸ್ಕಾಪಾರಾ ನುಡಿಸುವುದರಲ್ಲಿ ಜಾಜ್ ಇದೆ, ಲ್ಯಾಟಿನ್ ಇದೆ, ರಾಕ್ ಇದೆ, ಸಿನಿಮಾ ಟ್ಯೂನ್ ಇದೆ. ಚೆನ್ನಾಗಿದೆ, ಕೇಳಬೇಡಿ ಅನ್ನಲ್ಲ. ಆದರೆ ಮೂಲದ ಆ ಕೊಳೆ, ಆ ಬಿಸಿಲು ಇದರಲ್ಲಿಲ್ಲ.

ಮಿಕ್ಸರ್ ಮುಂದೆ

ಯಜಮಾನ್ರೇ, ಸ್ಕ್ಯಾಟಲೈಟ್ಸ್‌ನವರು ಯಾರು? ಜಾಜ್ ನುಡಿಸುವವರೇ ಅಲ್ವಾ? ಡಾನ್ ಡ್ರಮ್ಮಂಡ್, ಟಾಮಿ ಮೆಕುಕ್ ಕಿಂಗ್‌ಸ್ಟನ್‌ನ ಆಲ್ಫಾ ಬಾಯ್ಸ್ ಸ್ಕೂಲ್‌ನಲ್ಲಿ ಬ್ಯಾಂಡ್ ಕಲಿತವರು. ಹೋಟೆಲುಗಳಲ್ಲಿ, ನೃತ್ಯದ ಆರ್ಕೆಸ್ಟ್ರಾಗಳಲ್ಲಿ ಜಾಜ್ ನುಡಿಸಿ ಕೈ ಪಳಗಿಸಿಕೊಂಡವರು. ಸಿನಿಮಾ ಟ್ಯೂನ್ ಅಂತ ಮೂಗು ಮುರಿದಿರಲ್ಲ, ಸ್ಕ್ಯಾಟಲೈಟ್ಸ್‌ನ ಅತಿ ದೊಡ್ಡ ಹಿಟ್‌ಗಳಲ್ಲಿ ಒಂದು 'ಗನ್ಸ್ ಆಫ್ ನವರೋನ್'. ಅದೂ ಸಿನಿಮಾ ಟ್ಯೂನೇ ಅಲ್ವಾ? ಅವರು ನವರೋನ್ ನುಡಿಸಿದರೆ ಸ್ಕಾ, ಇವರು 'ಗಾಡ್‌ಫಾದರ್' ಮತ್ತು 'ಲೂಪಿನ್' ನುಡಿಸಿದರೆ ಕಲಬೆರಕೆ. ಇದ್ಯಾವ ನ್ಯಾಯ?

ಹಳೇ ಕ್ಯಾಸೆಟ್

ನವರೋನ್ ಮಾತು ಒಪ್ಪಿದೆ. ಕಲಬೆರಕೆ ಅಂತ ನಾನು ಅಂದಿಲ್ಲ. ಜಪಾನಿನಲ್ಲಿ ಹಳೇ ಶೈಲಿ ಬೇಕು ಅನ್ನುವವರಿಗೆ ಸ್ಕಾ ಫ್ಲೇಮ್ಸ್ ಇದ್ದಾರೆ, ಅಷ್ಟೇ ನನ್ನ ಮಾತು. ಸ್ಕಾಪಾರಾದ ವೇಗಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ.

ನಗೋಯಾ ಕನ್ನಡತಿ

ನಾನು ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ಇವರ ಹುಚ್ಚು ಹಿಡಿಸಿಕೊಂಡವಳು. ಬ್ಯಾರಿಟೋನ್ ಕೇಳಿಸುತ್ತಾ ಅನ್ನುವುದಕ್ಕೆ ಮಿಕ್ಸರ್ ಸಾರ್ ಹೇಳಿದ್ದು ಸಾಕು. ಆದರೆ ಯಾನಾಕಾ ಅವರನ್ನು ಬರೀ ಆ ವಾದ್ಯದಿಂದ ಅಳೆದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಸ್ಕಾಪಾರಾದ ಹಾಡುಗಳಿಗೆ ಮಾತು ಬರೆಯುವವರು ಅವರೇ. ಹಾಡುಗಾರರೇ ಇಲ್ಲದ ತಂಡದಲ್ಲಿ ಒಬ್ಬ ಗೀತರಚನೆಕಾರ! ಆ ಕಥೆ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ತಂಡ ಶುರುವಾದದ್ದು 1985ರಲ್ಲಿ. ಕಟ್ಟಿದವರು ತಾಳವಾದ್ಯದ ಆಸಾ-ಚಾಂಗ್. ದೊಡ್ಡ ಕಂಪನಿಯಿಂದ ಮೊದಲ ಆಲ್ಬಮ್ ಬಂದದ್ದು 1990ರಲ್ಲಿ, ಹೆಸರು 'ಸ್ಕಾಪಾರಾ ತೋಜೋ'. ಯಾನಾಕಾ ಹುಟ್ಟಿದ್ದು 1968ರಲ್ಲಿ, ಅಂದರೆ ಆಗ ಇಪ್ಪತ್ತೆರಡೂ ತುಂಬದ ಹುಡುಗ. ಆಗ ಜನರನ್ನು ಕೆಣಕಿ ಕುಣಿಸುವ ಕೆಲಸ ಕ್ಲೀನ್‌ಹೆಡ್ ಗಿಮುರಾ ಅವರದು. ಬೋಳುತಲೆ, ಕರಿ ಕನ್ನಡಕ, ಮೈಕಿನಲ್ಲಿ ಅವರದೊಂದು ಬೇರೆಯೇ ಗತ್ತು.

1993ರಲ್ಲಿ ಆಸಾ-ಚಾಂಗ್ ತಂಡ ಬಿಟ್ಟರು. 1995ರಲ್ಲಿ ಗಿಮುರಾ ತೀರಿಕೊಂಡರು, ಮೆದುಳಿನ ಗಡ್ಡೆ. 1999ರಲ್ಲಿ ಡ್ರಮ್ಮರ್ ತತ್ಸುಯುಕಿ ಆಓಕಿ ರೈಲು ಅಪಘಾತದಲ್ಲಿ ಹೋದರು. ಹತ್ತು ವರ್ಷದೊಳಗೆ ಕಟ್ಟಿದವರಿಲ್ಲ, ಕೂಗುವವರಿಲ್ಲ, ತಾಳ ಹಿಡಿಯುವವರಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದರು.

ಅದೇ 1999ರಲ್ಲಿ ಫಿಶ್‌ಮನ್ಸ್ ಎಂಬ ಇನ್ನೊಂದು ತಂಡದ ಹಾಡುಗಾರ ಶಿಂಜಿ ಸಾಟೊ ಕೂಡ ತೀರಿಕೊಂಡಿದ್ದರು. ಆ ತಂಡದ ಡ್ರಮ್ಮರ್ ಕಿನ್‌ಇಚಿ ಮೊತೆಗಿ. ತಂಡ ಇಲ್ಲದ ಡ್ರಮ್ಮರ್, ಡ್ರಮ್ಮರ್ ಇಲ್ಲದ ತಂಡ. 2001ರಲ್ಲಿ ಮೊತೆಗಿ ಸ್ಕಾಪಾರಾದ ಪೂರ್ತಿ ಸದಸ್ಯ ಆದರು, ಇವತ್ತಿಗೂ ಅವರೇ. ಇದನ್ನು ಯಾರಾದರೂ ಸಿನಿಮಾದಲ್ಲಿ ತೋರಿಸಿದ್ದರೆ ಜಾಸ್ತಿ ಆಯಿತು ಅನ್ನುತ್ತಿದ್ದೆವು.

ಹಾಡುಗಳು ಬಂದದ್ದು ಆ ಹೊತ್ತಿನಲ್ಲೇ. ಒಂದೊಂದು ಹಾಡಿಗೆ ಒಬ್ಬೊಬ್ಬ ಅತಿಥಿ. 2001ರಲ್ಲಿ 'ಮೆಕುರೆತಾ ಆರೆಂಜಿ', ಹಾಡಿದ್ದು ಒರಿಜಿನಲ್ ಲವ್ ಎಂಬ ತಂಡದ ತಕಾಒ ತಾಜಿಮಾ. ಅದೇ ವರ್ಷದ ಕೊನೆಗೆ 'ಕನಾರಿಯಾ ನಾಕು ಸೋರಾ', ಹಾಡಿದ್ದು ಇನ್ನೊಂದು ರಾಕ್ ತಂಡದ ಯೂಸುಕೆ ಚಿಬಾ. 2002ರಲ್ಲಿ 'ಉತ್ಸುಕುಶಿಕು ಮೊಎರು ಮೋರಿ', ಹಾಡಿದ್ದು ತಾಮಿಯೊ ಒಕುದಾ. ಮೂರಕ್ಕೂ ಮಾತು ಯಾನಾಕಾ ಅವರದು. ಜಪಾನಿನಲ್ಲಿ ಸ್ಕಾ ಅಂದರೇನು ಅಂತ ಗೊತ್ತಿಲ್ಲದವರಿಗೂ ಈ ಮೂರನೆಯ ಹಾಡು ಗೊತ್ತು. ಕ್ಯಾರಿಓಕೆಗೆ ಹೋದರೆ ನಮ್ಮ ಆಫೀಸಿನವರು ಒಬ್ಬರಾದರೂ ಹಾಡಿಯೇ ಹಾಡುತ್ತಾರೆ.

ರಾತ್ರಿಪಾಳಿ

ಅಕ್ಕ, ಇದು ಗೊತ್ತೇ ಇರಲಿಲ್ಲ. ಅಂದರೆ ಅತಿಥಿ ಹಾಡುಗಾರರನ್ನು ಕರೆಯುವ ಪದ್ಧತಿ ಡ್ರಮ್ಮರ್ ಹೋದ ಮೇಲೆ ಶುರುವಾಯಿತಾ?

ಹಳೇ ಕ್ಯಾಸೆಟ್

ಇಲ್ಲಪ್ಪ. 1995ರ 'ಗ್ರ್ಯಾಂಡ್ ಪ್ರಿ' ಆಲ್ಬಮ್‌ನಲ್ಲೇ ಬೇರೆ ಬೇರೆ ಹಾಡುಗಾರರನ್ನು ಕರೆಸಿದ್ದರು. ಕೆಂಜಿ ಒಝಾವಾ ಹಾಡಿದ್ದೂ ಅದರಲ್ಲಿದೆ. 2001ರಲ್ಲಿ ಹೊಸದಾದದ್ದು ಏನೆಂದರೆ ಮಾತು ತಂಡದ ಒಳಗಿಂದಲೇ ಬಂತು. ಸ್ಕಾಪಾರಾ ಇಷ್ಟ ಇಲ್ಲ ಅಂದೆ, ಕೇಳಿಲ್ಲ ಅಂದೆನಾ?

ನಗೋಯಾ ಕನ್ನಡತಿ

ಯಜಮಾನ್ರು ಸುಮ್ಮನೆ ಬೈಯುವವರಲ್ಲ, ಎಲ್ಲ ಕೇಳಿಯೇ ಬೈಯುತ್ತಾರೆ. 😄

ಅವರು ಹೇಳಿದ್ದು ಸರಿ, ನನಗೆ ಕುತೂಹಲ ಇರುವುದೂ ಅಲ್ಲೇ. ಹಾಡುಗಾರ ತನ್ನ ಹಾಡು ತಾನೇ ಬರೆದುಕೊಂಡರೆ ತನ್ನ ಮಾತು ತಾನು ಹೇಳಿದ ಹಾಗೆ. ಯಾನಾಕಾ ಬರೆಯುವುದು ಇನ್ನೊಬ್ಬರ ಬಾಯಿಗೆ. ಚಿಬಾ ಗಂಟಲು ಹರಿಯುವ ಹಾಗೆ ಹಾಡುವವರು. ಒಕುದಾ ಉದಾಸೀನ ಅನ್ನಿಸುವಷ್ಟು ಸಲೀಸಾಗಿ ಹಾಡುವವರು. ಒಬ್ಬರ ಸಾಲನ್ನು ಇನ್ನೊಬ್ಬರಿಗೆ ಕೊಟ್ಟರೆ ನಿಲ್ಲುವುದಿಲ್ಲ. ಆಮೇಲೆ 2016ರಲ್ಲಿ ಪಂಕ್‌ನ ಕೆನ್ ಯೋಕೊಯಾಮಾ, 2018ರಲ್ಲಿ ಕಝುನೊಬು ಮಿನೆತಾ ಮತ್ತು ಹಿರೋಜಿ ಮಿಯಾಮೊಟೊ, 2019ರಲ್ಲಿ ಮಿಸ್ಟರ್ ಚಿಲ್ಡ್ರನ್ ತಂಡದ ಸಾಕುರಾಇ. 2020ರಲ್ಲಿ ಕಾಮೆನ್ ರೈಡರ್ ಸೇಬರ್ ಎಂಬ ಮಕ್ಕಳ ಧಾರಾವಾಹಿಯ ಹಾಡು. ಪಂಕ್ ಹಾಡುಗಾರರಿಗೂ ಬರೆದರು, ಮಕ್ಕಳ ಧಾರಾವಾಹಿಗೂ ಬರೆದರು.

ನನಗೆ ಅನಿಸುವುದು ಇಷ್ಟು. ಹಾರ್ನ್ ಸಾಲಿನಲ್ಲಿ ಅವರು ವರ್ಷಗಟ್ಟಲೆ ಮಾಡಿದ್ದು ಇನ್ನೊಬ್ಬರ ರಾಗದ ಕೆಳಗೆ ನಿಂತು ಅದನ್ನು ಎತ್ತಿ ಹಿಡಿಯುವ ಕೆಲಸ. ಮಾತು ಬರೆಯುವಾಗಲೂ ಅದನ್ನೇ ಮಾಡುತ್ತಾರೆ. ಟ್ರಂಪೆಟ್ ನುಡಿಸುವವರು ಬರೆದಿದ್ದರೆ ಇಷ್ಟು ಚೆನ್ನಾಗಿ ಬೇರೆಯವರಿಗೆ ಹೊಂದುತ್ತಿತ್ತಾ, ನನಗೆ ಅನುಮಾನ.

ಮಿಕ್ಸರ್ ಮುಂದೆ

ಟ್ರಂಪೆಟ್‌ನವರು ಓದಿದರೆ ಜಗಳಕ್ಕೆ ಬರುತ್ತಾರೆ ನೋಡಿ. ಆದರೂ ಮಾತು ತೂಕದ್ದೇ.

ಹಳೇ ಕ್ಯಾಸೆಟ್

ಅಷ್ಟೆಲ್ಲ ಕಟ್ಟಬೇಡಮ್ಮ. ವಾದ್ಯಕ್ಕೂ ಸ್ವಭಾವಕ್ಕೂ ಗಂಟು ಹಾಕುವುದು ಜ್ಯೋತಿಷ್ಯ. ವೇದಿಕೆಯಲ್ಲಿ ಯಾನಾಕಾ ಹಿಂದೆ ನಿಲ್ಲುವ ಮನುಷ್ಯನೇ ಅಲ್ಲ. ನಾಲ್ವರಲ್ಲಿ ಜಾಸ್ತಿ ಮಾತಾಡುವವರು ಅವರೇ.

ನಗೋಯಾ ಕನ್ನಡತಿ

ಅದೂ ನಿಜ. 'ಕಾದಾಡುವ ಹಾಗೆ ಖುಷಿಪಡಿ' ಅಂತ ಅವರು ಜನರಿಗೆ ಕೂಗಿ ಹೇಳುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಟೀ-ಶರ್ಟ್ ಹಾಕಿಕೊಂಡು ಮುಂದಿನ ಸಾಲಲ್ಲಿ ನಿಂತವರು ಅವರಿಗಿಂತ ಮೊದಲೇ ಕೂಗಿಬಿಡುತ್ತಾರೆ. ಆದರೆ ಮಾತು ಮುಗಿದ ತಕ್ಷಣ ಆ ವಾದ್ಯ ಬಾಯಿಗಿಟ್ಟು ಮತ್ತೆ ಸಾಲಿನೊಳಗೆ ಸೇರಿಕೊಳ್ಳುತ್ತಾರಲ್ಲ, ನಾನು ಹೇಳಿದ್ದು ಅದನ್ನು. ಜ್ಯೋತಿಷ್ಯ ಅಂದರೂ ಬೇಜಾರಿಲ್ಲ.

ಕುಡ್ಲದವ

ಸ್ಯಾಕ್ಸ್ ಅಂತ ಕಂಡ ಕೂಡಲೇ ಒಳಗೆ ಬಂದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಮದುವೆಗೆ, ದೇವಸ್ಥಾನದ ಉತ್ಸವಕ್ಕೆ ಸ್ಯಾಕ್ಸೋಫೋನ್ ಇಲ್ಲದೆ ಆಗುವುದಿಲ್ಲ. ಕದ್ರಿ ಗೋಪಾಲನಾಥರು ಬಂಟ್ವಾಳ ಕಡೆಯ ಸಜೀಪಮೂಡದವರು, ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸ್ ಕೇಳಿ ಅದರ ಹಿಂದೆ ಬಿದ್ದವರು. 2019ರಲ್ಲಿ ಹೋದರು. ಅವರು ನುಡಿಸಿದ್ದು ಆಲ್ಟೊ, ಅಂದರೆ ಇದಕ್ಕಿಂತ ಚಿಕ್ಕ ಸ್ಯಾಕ್ಸ್. ಈ ಬ್ಯಾರಿಟೋನ್ ನಮ್ಮ ಕಡೆ ಯಾರ ಕೈಯಲ್ಲೂ ನಾನು ಕಂಡಿಲ್ಲ.

ಸ್ಕಾಪಾರಾ ವಿಡಿಯೋ ಈಗಷ್ಟೇ ನೋಡಿದೆ ಮಾರಾಯ್ರೆ. ನಮ್ಮಲ್ಲಿ ಸ್ಯಾಕ್ಸ್ ಹಿಡಿದವನು ಹಾಡುಗಾರನ ಜಾಗದಲ್ಲಿ ಇರುತ್ತಾನೆ. ಆಲಾಪನೆ ಅವನದು, ಗಮಕ ಅವನದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದೂ ಅವನಿಗೆ ಬಿಟ್ಟದ್ದು. ಡೋಲಿನವನು ಅವನ ಹಿಂದೆ ಬರಬೇಕು. ಇಲ್ಲಿ ನಾಲ್ಕು ಜನರೂ ಒಟ್ಟಿಗೆ ಉಸಿರು ಎಳೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ನಿಲ್ಲಿಸುವುದು ಇನ್ನೂ ಕಷ್ಟ. ಅಷ್ಟು ದೊಡ್ಡ ಕೊಳವೆಯಲ್ಲಿ ಗಾಳಿ ತುಂಬಿ, ಟ್ರಂಪೆಟ್ ನಿಂತ ಕ್ಷಣಕ್ಕೇ ಅದನ್ನೂ ಕತ್ತರಿಸಬೇಕು ಅಂದರೆ ಹೊಟ್ಟೆಯಲ್ಲಿ ಬಲ ಬೇಕು. ತೂಕ ಎಷ್ಟಿರುತ್ತದೆ ಅದು?

ಮಿಕ್ಸರ್ ಮುಂದೆ

ಆರು ಕಿಲೋ ಆಸುಪಾಸು. ಆಲ್ಟೊ ಎರಡೂವರೆ ಕಿಲೋ ಇರುತ್ತದೆ. ಬ್ಯಾರಿಟೋನ್‌ನ ಕೊಳವೆ ತುಂಬಾ ಉದ್ದ, ಅದಕ್ಕೇ ಮೇಲ್ಗಡೆ ಒಂದು ಸುತ್ತು ಹಾಕಿ ಇಳಿಸಿರುತ್ತಾರೆ. ಇಲ್ಲದಿದ್ದರೆ ನಿಂತು ನುಡಿಸುವುದಕ್ಕೆ ಆಗುತ್ತಲೇ ಇರಲಿಲ್ಲ. ತುಂಬಾ ಜನ ಕೊರಳಿನ ಪಟ್ಟಿ ಬಿಟ್ಟು ಎರಡೂ ಭುಜಕ್ಕೆ ಹಾಕುವ ಹಾರ್ನೆಸ್ ಬಳಸುತ್ತಾರೆ. ಆರು ಕಿಲೋ ಹೊತ್ತು, ಸೂಟು ಹಾಕಿ, ವೇದಿಕೆಯ ಲೈಟಿನ ಕೆಳಗೆ ಎರಡು ಗಂಟೆ ಓಡಾಡುವುದನ್ನು ಒಮ್ಮೆ ಯೋಚಿಸಿ. ಯಾನಾಕಾ ಅದನ್ನು ಐವತ್ತು ದಾಟಿದ ಮೇಲೂ ಮಾಡುತ್ತಿದ್ದಾರೆ.

ಕುಡ್ಲದವ

ದೇವರೇ! ನಮ್ಮ ಉತ್ಸವದಲ್ಲಿ ಅದನ್ನು ಹಿಡಿದು ರಥಬೀದಿ ಸುತ್ತುವುದು ಆಗದ ಮಾತು.

ರಾತ್ರಿಪಾಳಿ

ಹೆಡ್‌ಫೋನ್ ಹಾಕಿ ಕೇಳಿದೆ ಸಾರ್. ಹೌದು, ಇದೆ! ಹಾರ್ನ್‌ಗಳು ಒಟ್ಟಿಗೆ ಹೊಡೆಯುವಾಗ ಕೆಳಗೆ ಒಂದು ಗರ್ ಅನ್ನುವ ಶಬ್ದ ಇದೆ. ಇಷ್ಟು ದಿನ ಅದನ್ನು ಟ್ರೊಂಬೋನ್ ಲೆಕ್ಕಕ್ಕೆ ಹಾಕಿದ್ದೆ. ಇನ್ನೊಂದು ಕೇಳಬೇಕಿತ್ತು. ಯೂಟ್ಯೂಬ್‌ನಲ್ಲಿ ಇವರ ವಿಡಿಯೋ ಕೆಳಗೆ ಅರ್ಧಕ್ಕರ್ಧ ಕಾಮೆಂಟ್ ಸ್ಪ್ಯಾನಿಶ್‌ನಲ್ಲಿ ಯಾಕಿವೆ?

ಹಳೇ ಕ್ಯಾಸೆಟ್

ಮೆಕ್ಸಿಕೋ. ಅಲ್ಲಿ ಸ್ಕಾ ಹೊರಗಿನ ಸಂಗೀತ ಅಲ್ಲವೇ ಅಲ್ಲ. ಮಾಲ್ದಿತಾ ವೆಸಿಂದಾದ್, ಪಾಂತೇಒನ್ ರೊಕೊಕೊ ಥರದ ತಂಡಗಳು ಮೆಕ್ಸಿಕೋ ನಗರದ್ದೇ. ಅರ್ಜೆಂಟೀನಾದಲ್ಲಿ ಫ್ಯಾಬುಲೋಸೋಸ್ ಕ್ಯಾಡಿಲ್ಯಾಕ್ಸ್. ಟ್ರಂಪೆಟ್ ಸಾಲು ಮೆಕ್ಸಿಕೋದವರ ಜನಪದ ವಾದ್ಯಮೇಳ ಮರಿಯಾಚಿಯಲ್ಲೇ ಇದೆ, ಕಿವಿ ಮೊದಲೇ ತಯಾರು. ಜಪಾನಿನವರು ಬಂದು ಲ್ಯಾಟಿನ್ ತಾಳ ಸೇರಿಸಿ ಹಾರ್ನ್ ಊದಿದರೆ ಬಿಡುತ್ತಾರಾ? ಹೆಚ್ಚಿನದು ಮಾತು ಇಲ್ಲದ ಸಂಗೀತ, ಭಾಷೆ ಅಡ್ಡ ಬರುವುದಿಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲೂ ನುಡಿಸಿದ್ದಾರೆ.

ನಗೋಯಾ ಕನ್ನಡತಿ

ಇಲ್ಲಿನವರಿಗೆ ಅವರು ಮನೆಯವರಿದ್ದ ಹಾಗೆ. 2021ರ ಆಗಸ್ಟ್ 8ರಂದು ಟೋಕಿಯೋ ಒಲಿಂಪಿಕ್ಸ್ ಸಮಾರೋಪದಲ್ಲಿ ನುಡಿಸಿದರು. ಕೊರೊನಾ ಕಾಲ, ಗ್ಯಾಲರಿಯಲ್ಲಿ ಪ್ರೇಕ್ಷಕರಿಲ್ಲ. ಜನರನ್ನು ಎಬ್ಬಿಸುವುದೇ ಕೆಲಸವಾಗಿರುವ ತಂಡಕ್ಕೆ ಅದೆಂಥ ಕಷ್ಟದ ವೇದಿಕೆ! ಆದರೂ ಮೈದಾನದಲ್ಲಿದ್ದ ಆಟಗಾರರು ಕುಣಿದರು. 2024ರ ನವೆಂಬರ್‌ನಲ್ಲಿ ಕೊಶಿಯೆನ್ ಬೇಸ್‌ಬಾಲ್ ಮೈದಾನದಲ್ಲಿ ಅವರ ಡೆಬ್ಯೂನ 35ನೇ ವರ್ಷದ ಕಾರ್ಯಕ್ರಮ ಆಯಿತು. ಆ ಮೈದಾನಕ್ಕೂ ಆ ವರ್ಷ ನೂರು ತುಂಬಿತ್ತು.

'ಕನಾರಿಯಾ' ಹಾಡಿದ ಚಿಬಾ 2023ರ ನವೆಂಬರ್‌ನಲ್ಲಿ ತೀರಿಕೊಂಡರು. ಆ ಹಾಡನ್ನು ಈಗ ಕೇಳುವಾಗ ಸ್ವಲ್ಪ ಬೇರೆ ಥರ ಆಗುತ್ತದೆ. ಹೊಸಬರು ಯಾರಾದರೂ ಶುರು ಮಾಡುವುದಾದರೆ ಅದರಿಂದಲೇ ಮಾಡಿ. ಮಾತು ತಿಳಿಯದಿದ್ದರೂ ಪರವಾಗಿಲ್ಲ.

ಪಿಯುಸಿ ಪಾಸ್

ನಮಸ್ತೆ ಎಲ್ಲರಿಗೂ. ನಾನು ಕಾಲೇಜ್ ಬ್ಯಾಂಡಿನಲ್ಲಿ ಆಲ್ಟೊ ಕಲಿಯುತ್ತಿದ್ದೇನೆ. ಇದನ್ನೆಲ್ಲ ಓದಿ ಬ್ಯಾರಿಟೋನ್ ಕಲಿಯಬೇಕು ಅನಿಸುತ್ತಿದೆ. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಮಿಕ್ಸರ್ ಮುಂದೆ

ಬೇಡ ಮರಿ. ಬೆರಳು ಹಾಕುವ ಕ್ರಮ ಎರಡಕ್ಕೂ ಒಂದೇ. ಎರಡೂ ಇ-ಫ್ಲ್ಯಾಟ್ ಶ್ರುತಿಯ ವಾದ್ಯಗಳು, ಬ್ಯಾರಿಟೋನ್ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಅಷ್ಟೇ. ಅಂದರೆ ನಿನ್ನ ಆಲ್ಟೊ ನೋಟ್ಸನ್ನೇ ಎದುರಿಗಿಟ್ಟುಕೊಂಡು ನುಡಿಸಬಹುದು. ಬದಲಾಗುವುದು ಬಾಯಿ ಮತ್ತು ಉಸಿರು. ತುಟಿ ಸ್ವಲ್ಪ ಸಡಿಲ ಬಿಡಬೇಕು. ಆಲ್ಟೊ ಥರ ಬಿಗಿ ಹಿಡಿದರೆ ಕೆಳಗಿನ ಸ್ವರ ಕೀಚ್ ಅನ್ನುತ್ತದೆ. ಗಾಳಿ ಜಾಸ್ತಿ ಬೇಕು, ಹಾಗಂತ ಜೋರಾಗಿ ಊದುವುದಲ್ಲ, ಬೆಚ್ಚಗೆ, ನಿಧಾನ, ಒಂದೇ ಸಮ. ಕನ್ನಡಿಗೆ ಆವಿ ಬಿಡುವಾಗ ಊದುತ್ತೀಯಲ್ಲ, ಹಾಗೆ.

ಕೊಂಡುಕೊಳ್ಳುವ ಆತುರ ಬೇಡ, ಬೆಲೆ ಕೇಳಿದರೆ ಅಪ್ಪ ಅಮ್ಮ ಇಬ್ಬರೂ ಬೈಯುತ್ತಾರೆ. ಯಾರದ್ದಾದರೂ ಸಿಕ್ಕರೆ ಮೊದಲು ನುಡಿಸಿ ನೋಡು. ಅಲ್ಲಿಯವರೆಗೆ ಆಲ್ಟೊದಲ್ಲೇ ಕೆಳಗಿನ ಸ್ವರಗಳನ್ನು ದಿನಾ ಉದ್ದಕ್ಕೆ ಹಿಡಿ.

ಕುಡ್ಲದವ

ಬ್ಯಾರಿಟೋನ್ ಸಿಕ್ಕಿದರೆ ನಮ್ಮ ಊರಿಗೆ ತಗೊಂಡು ಬಾ ಮಾರಾಯ. ಒಮ್ಮೆ ಊದಿ ನೋಡುವ ಆಸೆ ನನಗೂ ಇದೆ.

ಪಿಯುಸಿ ಪಾಸ್

ಖಂಡಿತ ಅಣ್ಣ. ಮಿಕ್ಸರ್ ಸಾರ್, ರೀಡ್ ಆದರೂ ಆಲ್ಟೊದ್ದೇ ನಡೆಯುತ್ತಾ?

ಮಿಕ್ಸರ್ ಮುಂದೆ

ನಡೆಯಲ್ಲ. ಬ್ಯಾರಿಟೋನ್‌ಗೆ ಅದರದೇ ರೀಡ್ ಬೇಕು, ಅಗಲ ಜಾಸ್ತಿ. ರೀಡಿನ ಗಡಸುತನಕ್ಕೆ ನಂಬರ್ ಇರುತ್ತದೆ, ಮೊದಲಿಗೆ ಎರಡು ಅಥವಾ ಎರಡೂವರೆ ನಂಬರಿನದು ಹಾಕು, ಸಾಕು.